ವಿಶ್ವಕಪ್ ಫುಟ್ಬಾಲ್ ನೋಡಲು ಕೊಡಗಿನಿಂದ ಹೊರಡುವವರು ಯಾವ ಊರನ್ನು ಆರಿಸಿಕೊಳ್ಳಬೇಕು?

ಕೊಡಗಿನಲ್ಲಿ ಹಾಕಿಯ ಹೆಸರು ಎಷ್ಟೇ ದೊಡ್ಡದಿದ್ದರೂ, ವಿಶ್ವಕಪ್ ಫುಟ್ಬಾಲ್ ಬಂತೆಂದರೆ ಸುಂಟಿಕೊಪ್ಪ, ವಿರಾಜಪೇಟೆ, ನಾಪೋಕ್ಲು ಕಡೆಯ ರಸ್ತೆಬದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಬಾವುಟಗಳು ಕಾಣಿಸಿಕೊಳ್ಳುತ್ತವೆ. ಈ ಸಲ ಬಾವುಟ ಕಟ್ಟುವುದಷ್ಟಕ್ಕೇ ನಿಲ್ಲದೆ, ಮಗನೋ ಮಗಳೋ ಅಮೆರಿಕದಲ್ಲಿ ಅಥವಾ ಕೆನಡಾದಲ್ಲಿ ಇದ್ದಾರೆಂಬ ಧೈರ್ಯದ ಮೇಲೆ ಒಮ್ಮೆ ಹೋಗಿ ನೋಡಿಯೇ ಬರೋಣ ಎಂದು ಲೆಕ್ಕ ಹಾಕುತ್ತಿರುವ ಮನೆಗಳೂ ಇವೆ. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊಗಳ 16 ನಗರಗಳಲ್ಲಿ ನಡೆಯುವಂಥದ್ದು. 48 ತಂಡಗಳು, 104 ಪಂದ್ಯಗಳು. ಆಯ್ಕೆ ಹೆಚ್ಚಿದಷ್ಟೂ ಗೊಂದಲ ಹೆಚ್ಚುವುದರಿಂದ, ಯಾವ ಊರು ಯಾರಿಗೆ ಸರಿ ಎಂಬುದನ್ನು ಇಲ್ಲಿ ತೂಗಿ ನೋಡಲಾಗಿದೆ.

ಸಾಮಾನ್ಯವಾಗಿ ನಾವು ಮೊದಲು ತಂಡವನ್ನು, ಆಮೇಲೆ ಆ ತಂಡದ ಪಂದ್ಯದ ಟಿಕೆಟನ್ನು, ಎಲ್ಲಕ್ಕಿಂತ ಕೊನೆಗೆ ಊರನ್ನು ನೋಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಿರುವುಮುರುವಾಗಬೇಕು. ನಮ್ಮ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೈದಾನ, ಗ್ಯಾಲರಿ, ಊಟದ ಮಳಿಗೆ, ನೆಂಟರ ಮಾತುಕತೆ ಎಲ್ಲವೂ ಒಂದೇ ಆವರಣದಲ್ಲಿರುತ್ತವೆ. ಟಿಕೆಟ್ ಇಲ್ಲದೆ ಬಂದವನೂ ಆ ಹಬ್ಬದ ಒಳಗೇ ಇರುತ್ತಾನೆ. ವಿಶ್ವಕಪ್‌ನಲ್ಲಿ ಹಾಗಲ್ಲ. ಸ್ಟೇಡಿಯಂ ಒಂದು ಕಡೆ ಇದ್ದರೆ, ದೊಡ್ಡ ಪರದೆ, ಸಂಗೀತ, ತಿಂಡಿ ಮಳಿಗೆಗಳಿರುವ ಫ್ಯಾನ್ ಫೆಸ್ಟಿವಲ್ ಮತ್ತೊಂದು ಕಡೆ ಇರುತ್ತದೆ. ಕೆಲವು ಊರುಗಳಲ್ಲಿ ಎರಡರ ನಡುವೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ಅಂತರವಿದೆ. ಹತ್ತು ಹನ್ನೆರಡು ದಿನ ಹೋದವರು ಸ್ಟೇಡಿಯಂ ಒಳಗೆ ನೋಡುವುದು ಒಂದೋ ಎರಡೋ ಪಂದ್ಯ. ಉಳಿದ ದಿನಗಳ ಸೊಗಸೆಲ್ಲ ಫ್ಯಾನ್ ಫೆಸ್ಟಿವಲ್ ಮತ್ತು ಊರಿನ ಬೀದಿಗಳದ್ದು. ಹಾಗಾಗಿ ತಂಗುವ ಮನೆ, ಸ್ಟೇಡಿಯಂ, ಫ್ಯಾನ್ ಫೆಸ್ಟಿವಲ್ ಈ ಮೂರೂ ರೈಲಿನಲ್ಲೋ ನಡಿಗೆಯಲ್ಲೋ ಸಿಗುವ ಊರನ್ನು ಮೊದಲು ಹಿಡಿಯಬೇಕು, ಪಂದ್ಯವನ್ನು ಆಮೇಲೆ ಹುಡುಕಬೇಕು.

ಅಳೆಯುವ ಮಾನದಂಡಗಳು

ಎಲ್ಲಕ್ಕಿಂತ ಮೊದಲನೆಯದು ವೀಸಾ. ಪಂದ್ಯದ ಟಿಕೆಟ್ ಕೈಯಲ್ಲಿದ್ದರೆ ವೀಸಾ ತಾನಾಗಿ ಸಿಗುತ್ತದೆಂದು ನಂಬಿದವರಿದ್ದಾರೆ. ಯಾವ ದೇಶದಲ್ಲಿಯೂ ಹಾಗಿಲ್ಲ. ಅಮೆರಿಕದ ಪ್ರವಾಸಿ ವೀಸಾಗೆ 185 ಡಾಲರ್ ಶುಲ್ಕ, ಅಂದರೆ ಹದಿನಾರು ಸಾವಿರ ರೂಪಾಯಿಗೂ ಹೆಚ್ಚು ಕಟ್ಟಿ ಸಂದರ್ಶನಕ್ಕೆ ಹಾಜರಾಗಬೇಕು. ಮೊದಲ ಬಾರಿ ಅರ್ಜಿ ಹಾಕುವವರಿಗೆ ಸಂದರ್ಶನದ ದಿನಾಂಕ ಸಿಗುವುದೇ ದೊಡ್ಡ ಕೆಲಸ. ಕೆನಡಾದ ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತದೆ, 100 ಕೆನಡಾ ಡಾಲರ್ ಶುಲ್ಕದ ಜೊತೆಗೆ ಬೆರಳಚ್ಚಿಗೆ 85 ಡಾಲರ್, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದರೆ ಸಾಕು. ಮೆಕ್ಸಿಕೊದ್ದು ಇನ್ನೊಂದು ಬಗೆ: ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಯುರೋಪಿನ ಷೆಂಗೆನ್ ಒಕ್ಕೂಟದ ದೇಶಗಳ ಪೈಕಿ ಒಂದರ ಚಾಲ್ತಿಯಲ್ಲಿರುವ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಭಾರತೀಯರು ಬೇರೆ ವೀಸಾ ಇಲ್ಲದೆಯೇ ಪ್ರವಾಸಿಗರಾಗಿ ಅಲ್ಲಿಗೆ ಹೋಗಬಹುದು. ಇದರ ಅರ್ಥವನ್ನು ಗಮನಿಸಿ. ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವ ಕೆನಡಾ ವೀಸಾ ಒಂದಿದ್ದರೆ ಟೊರಾಂಟೊ, ವ್ಯಾಂಕೂವರ್ ಮಾತ್ರವಲ್ಲದೆ ಮೆಕ್ಸಿಕೊ ಸಿಟಿಯೂ ತೆರೆದುಕೊಳ್ಳುತ್ತದೆ, ಅಮೆರಿಕದ ನೆಲ ಮೆಟ್ಟುವ ಅಗತ್ಯವೇ ಇಲ್ಲ. ಆದರೆ ದಾರಿಯಲ್ಲಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶದ ವೀಸಾ ಬೇಕೇ ಬೇಕು. ಅಗ್ಗದ ಟಿಕೆಟ್ ಎಂದು ಅಂಥ ಮಾರ್ಗವನ್ನು ಹಿಡಿಯಬಾರದು.

ಎರಡನೆಯದು, ಮೇಲೆ ಹೇಳಿದ ಮೂರು ಜಾಗಗಳ ನಡುವಿನ ಅಂತರ. ಮೂರನೆಯದು ಟಿಕೆಟ್‌ನ ಬೆಲೆ. ಗುಂಪು ಹಂತದ ಅತಿ ಕಡಿಮೆ ದರ 60 ಡಾಲರ್ ಎಂದು ಪ್ರಕಟವಾಗಿತ್ತಾದರೂ, ಬೇಡಿಕೆಗೆ ತಕ್ಕಂತೆ ದರ ಏರಿಳಿಯುವ ಪದ್ಧತಿಯನ್ನು ಈ ಬಾರಿ ತಂದಿರುವುದರಿಂದ ಆ ದರದ ಟಿಕೆಟ್ ಕೈಗೆ ಸಿಗುವುದು ಅಪರೂಪ. ಫಿಫಾದ ಅಧಿಕೃತ ಮರುಮಾರಾಟ ತಾಣದಲ್ಲಿ ಕೊಳ್ಳುವವರಿಂದ ಶೇಕಡಾ 15, ಮಾರುವವರಿಂದ ಶೇಕಡಾ 15 ಕಡಿತವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ನಾಲ್ಕನೆಯದು ಹವೆ, ಮುಖ್ಯವಾಗಿ ವಯಸ್ಸಾದವರು ಜೊತೆಯಲ್ಲಿದ್ದರೆ. ಐದನೆಯದನ್ನು ಪ್ರವಾಸ ಸಂಸ್ಥೆಯವರು ಹೇಳುವುದಿಲ್ಲ: ನಮ್ಮ ತೋಟದ ಪಂಚಾಂಗ. ಮುಂಗಾರಿಗೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿದಿದೆಯೇ, ಗೊಬ್ಬರ ಹಾಕಿದ್ದಾಗಿದೆಯೇ, ಜುಲೈಯಲ್ಲಿ ಗದ್ದೆಯ ನಾಟಿ ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಜೂನ್ ಮಧ್ಯಭಾಗ ಒಳ್ಳೆಯದೋ ಜುಲೈ ಆರಂಭ ಒಳ್ಳೆಯದೋ ನಿರ್ಧಾರವಾಗುತ್ತದೆ. ಗದ್ದೆ ಇಲ್ಲದ, ಕಾಫಿ ಮಾತ್ರ ಇರುವ ಮನೆಗಳಿಗೆ ಜೂನ್ ಕೊನೆಯ ಎರಡು ವಾರ ಅನುಕೂಲ. ಗುಂಪು ಹಂತದ ಪಂದ್ಯಗಳು ದಟ್ಟವಾಗಿರುವುದೂ ಆಗಲೇ.

ಟೊರಾಂಟೊ

ಮೊದಲ ಸಲ ಹೋಗುವ ಕುಟುಂಬಕ್ಕೆ, ಅದರಲ್ಲೂ ಅಮೆರಿಕದ ವೀಸಾ ಇಲ್ಲದವರಿಗೆ, ನಾನು ಮೊದಲು ಹೇಳುವ ಹೆಸರು ಇದು. ಸರೋವರದ ದಂಡೆಯಲ್ಲಿರುವ ಎಕ್ಸಿಬಿಷನ್ ಮೈದಾನದೊಳಗಿನ ಬಿಎಂಒ ಫೀಲ್ಡ್ ಹದಿನಾರು ಸ್ಟೇಡಿಯಂಗಳಲ್ಲಿ ಚಿಕ್ಕದು. ಎರಡೂ ತುದಿಗಳಲ್ಲಿ ಸುಮಾರು 17,000 ತಾತ್ಕಾಲಿಕ ಆಸನಗಳನ್ನು ಸೇರಿಸಿದ ಮೇಲೆ 45,000ದಷ್ಟಾಗುತ್ತದೆ. ಚಿಕ್ಕದಾಗಿರುವುದು ನೋಡುಗನಿಗೆ ಲಾಭವೇ, ಏಕೆಂದರೆ ಮೇಲಿನ ಸಾಲಿನಲ್ಲಿ ಕುಳಿತರೂ ಆಟಗಾರನ ಮುಖ ಗುರುತಿಸಬಹುದು. ಆದರೆ ಚಿಕ್ಕದಾಗಿರುವುದರಿಂದಲೇ ಟಿಕೆಟ್ ಕಡಿಮೆ, ಮತ್ತು ತಾತ್ಕಾಲಿಕ ಆಸನಗಳಲ್ಲಿ ಬಿಸಿಲು ಮಳೆಗಳಿಂದ ರಕ್ಷಣೆ ಇರುವುದಿಲ್ಲ.

ಇಲ್ಲಿನ ನಿಜವಾದ ಬಲ ಸಂಚಾರ. ವಿಮಾನ ನಿಲ್ದಾಣದಿಂದ ಯೂನಿಯನ್ ಸ್ಟೇಷನ್ನಿಗೆ ನೇರ ರೈಲು ಸುಮಾರು 25 ನಿಮಿಷ. ಅಲ್ಲಿಂದ ‘ಗೋ’ ಎಂಬ ಉಪನಗರ ರೈಲಿನಲ್ಲಿ ಒಂದೇ ನಿಲ್ದಾಣ ದಾಟಿದರೆ ಎಕ್ಸಿಬಿಷನ್, ಇಳಿದ ಕೂಡಲೇ ಸ್ಟೇಡಿಯಂ. ಫ್ಯಾನ್ ಫೆಸ್ಟಿವಲ್‌ಗೆ ಗೊತ್ತುಮಾಡಿರುವುದು ಫೋರ್ಟ್ ಯಾರ್ಕ್ ಎಂಬ ಹಳೆಯ ಬ್ರಿಟಿಷ್ ಕೋಟೆಯ ಬಯಲು ಮತ್ತು ಅದಕ್ಕೆ ತಾಗಿದ, ಎತ್ತರದ ಹೆದ್ದಾರಿಯ ಕೆಳಗಿನ ಬೆಂಟ್‌ವೇ ಎಂಬ ಸಾರ್ವಜನಿಕ ಜಾಗ. ಸ್ಟೇಡಿಯಂನಿಂದ ಅಲ್ಲಿಗೆ ನಡೆದೇ ಹೋಗಬಹುದು, ಮಡಿಕೇರಿಯ ಕೋಟೆಯಿಂದ ರಾಜಾಸೀಟಿಗೆ ನಡೆಯುವವರಿಗೆ ಅದೊಂದು ದೂರವೇ ಅಲ್ಲ. ಟಿಕೆಟ್ ಇರುವವರು ಒಳಗೆ, ಇಲ್ಲದವರು ಕೋಟೆಯ ಬಯಲಿನಲ್ಲಿ ಅದೇ ಪಂದ್ಯವನ್ನು ನೋಡಿ, ಮುಗಿದ ಮೇಲೆ ಎಲ್ಲರೂ ಸೇರಿ ಒಂದೇ ರೈಲು ಹತ್ತುವಂತಹ ಅನುಕೂಲ ಬೇರೆ ಊರುಗಳಲ್ಲಿ ಸುಲಭವಾಗಿ ಸಿಗದು.

ಹೋಟೆಲಿನ ಬಾಡಿಗೆ ನಗರದ ಮಧ್ಯದಲ್ಲಿ ಕೈಸುಡುವಷ್ಟಿರುತ್ತದೆ. ಬ್ರಾಂಪ್ಟನ್, ಮಿಸಿಸಾಗ ಕಡೆ ಪರಿಚಯದವರಿದ್ದರೆ ಅಲ್ಲಿ ಉಳಿದು ಗೋ ರೈಲಿನಲ್ಲಿ ಬರಬಹುದು. ಅನ್ನ, ಸಾರು, ತರಕಾರಿಗೆ ಅಲ್ಲಿ ತೊಂದರೆ ಇಲ್ಲ. ಒಟ್ಟು ಆರು ಪಂದ್ಯಗಳು: ಜೂನ್ 12ರಂದು ಆತಿಥೇಯ ಕೆನಡಾದ ಮೊದಲ ಪಂದ್ಯ, ಜೂನ್ 20ರಂದು ಜರ್ಮನಿ ಮತ್ತು ಐವರಿ ಕೋಸ್ಟ್. ಇವೆರಡರ ಟಿಕೆಟ್ ದುಬಾರಿ. ಜೂನ್ 17ರ ಘಾನಾ ಮತ್ತು ಪನಾಮ, ಜೂನ್ 23ರ ಕ್ರೊಯೇಷಿಯ ಮತ್ತು ಪನಾಮ ಪಂದ್ಯಗಳ ಕಡೆ ಬಜೆಟ್ ಇಟ್ಟುಕೊಂಡು ನೋಡುವವರು ಕಣ್ಣಿಡಬೇಕು. ಘಾನಾದ ಬೆಂಬಲಿಗರ ತಮಟೆ, ಕುಣಿತಗಳಿರುವಾಗ ನಮಗೆ ಜರ್ಮನಿಯ ಪಂದ್ಯವೇ ಬೇಕೆಂದೇನಿಲ್ಲ.

ವ್ಯಾಂಕೂವರ್ ಬಗ್ಗೆ ಇಷ್ಟು ಸಾಕು: ಬಿಸಿ ಪ್ಲೇಸ್ ಸ್ಟೇಡಿಯಂ ನಗರದ ನಡುವೆ, ಸ್ಕೈಟ್ರೈನ್ ನಿಲ್ದಾಣದ ಪಕ್ಕದಲ್ಲೇ ಇದೆ, ಮುಚ್ಚಬಹುದಾದ ಛಾವಣಿಯಿದೆ, ಹವೆ ತಂಪು, ಏಳು ಪಂದ್ಯಗಳಿವೆ. ಫ್ಯಾನ್ ಫೆಸ್ಟಿವಲ್ ನಡೆಯುವ ಹೇಸ್ಟಿಂಗ್ಸ್ ಪಾರ್ಕ್ ಮಾತ್ರ ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರ, ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಮನೆಯವರಿದ್ದರೆ ಹೋಗಿ. ಇಲ್ಲದಿದ್ದರೆ ಅಷ್ಟು ದೂರದ ಪ್ರಯಾಣಕ್ಕೆ ಟೊರಾಂಟೊಗಿಂತ ಹೆಚ್ಚಿನ ಪ್ರತಿಫಲ ಇಲ್ಲ.

ಮೆಕ್ಸಿಕೊ ಸಿಟಿ

ಫುಟ್ಬಾಲ್ ಎಂದರೆ ಪ್ರಾಣ ಬಿಡುವ, ಭಾಷೆ ಬಾರದಿದ್ದರೂ ಕೈಸನ್ನೆಯಲ್ಲಿ ನಿಭಾಯಿಸುವ ಯುವಕರಿಗೆ ಇದಕ್ಕಿಂತ ಮಿಗಿಲಾದ ಊರಿಲ್ಲ. 1966ರಲ್ಲಿ ತೆರೆದ ಅಜ್ಟೆಕಾ ಸ್ಟೇಡಿಯಂ 1970ರ ಮತ್ತು 1986ರ ಫೈನಲ್‌ಗಳನ್ನು ಕಂಡ ಜಾಗ. ಪೆಲೆ ಮತ್ತು ಮರಡೋನಾ ಇಬ್ಬರೂ ಕಪ್ ಎತ್ತಿದ್ದು ಇಲ್ಲಿಯೇ. ಮೂರು ವಿಶ್ವಕಪ್‌ಗಳಿಗೆ ಆತಿಥ್ಯ ನೀಡುವ ಮೊದಲ ಸ್ಟೇಡಿಯಂ ಎಂಬ ಹಿರಿಮೆಯೂ ಇದರದ್ದೇ. ಜೂನ್ 11ರಂದು ಮೆಕ್ಸಿಕೊ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಉದ್ಘಾಟನಾ ಪಂದ್ಯದಿಂದ ಹಿಡಿದು ಐದು ಪಂದ್ಯಗಳು ಇಲ್ಲಿವೆ.

ಫ್ಯಾನ್ ಫೆಸ್ಟಿವಲ್‌ಗೆ ಆರಿಸಿರುವುದು ನಗರದ ಹೃದಯದಲ್ಲಿರುವ ಸೊಕಾಲೊ ಚೌಕ. ಒಂದು ಕಡೆ ದೊಡ್ಡ ಚರ್ಚು, ಇನ್ನೊಂದು ಕಡೆ ರಾಷ್ಟ್ರಾಧ್ಯಕ್ಷರ ಅರಮನೆ, ನಡುವೆ ಕಲ್ಲುಹಾಸಿನ ವಿಶಾಲ ಬಯಲು. ಅಲ್ಲಿಂದ ಸ್ಟೇಡಿಯಂ ದೂರವಾದರೂ ದಾರಿ ಸುಲಭ: ಮೆಟ್ರೊದ ಎರಡನೇ ಮಾರ್ಗದಲ್ಲಿ ಕೊನೆಯ ನಿಲ್ದಾಣ ಟಾಸ್ಕೇನ್ಯಾವರೆಗೆ ಹೋಗಿ, ಅಲ್ಲಿಂದ ಲಘು ರೈಲು ಹಿಡಿದರೆ ಸ್ಟೇಡಿಯಂ ಮುಂದೆಯೇ ಇಳಿಯಬಹುದು. ಮೆಟ್ರೊ ಟಿಕೆಟ್‌ಗೆ 5 ಪೆಸೊ. ಊಟ, ವಸತಿ, ಓಡಾಟ ಎಲ್ಲದರಲ್ಲೂ ಉತ್ತರದ ಎರಡು ದೇಶಗಳಿಗಿಂತ ಅಗ್ಗವಾಗಿರುವುದರಿಂದ ದೀರ್ಘ ವಿಮಾನ ಪ್ರಯಾಣದ ಹೆಚ್ಚುವರಿ ಖರ್ಚಿನ ಒಂದು ಭಾಗ ಇಲ್ಲಿ ಮರಳಿ ಬರುತ್ತದೆ.

ತೊಂದರೆಗಳೂ ಇವೆ. ಈ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ ಶಿಖರವೇ 1,748 ಮೀಟರ್. ಬೆಟ್ಟದವರಾದ ನಮಗೇನು ಎಂದು ಭಾವಿಸದೆ ಮೊದಲ ಎರಡು ದಿನ ನಿಧಾನವಾಗಿ ಓಡಾಡಬೇಕು, ಹೃದಯ ಅಥವಾ ಉಸಿರಾಟದ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ಹೊರಡಬಾರದು. ಜೂನ್, ಜುಲೈ ಅಲ್ಲಿಯೂ ಮಳೆಗಾಲವೇ. ಮಧ್ಯಾಹ್ನದ ಮೇಲೆ ರಭಸದ ಮಳೆ ಬರುವುದು ಸಾಮಾನ್ಯ, ಹಾಗಾಗಿ ಸೊಕಾಲೊಗೆ ಹೋಗುವಾಗ ರೇನ್‌ಕೋಟ್ ಜೊತೆಗಿರಲಿ. ಚೌಕದ ಮತ್ತು ಮೆಟ್ರೊದ ಜನಸಂದಣಿಯಲ್ಲಿ ಪಾಸ್‌ಪೋರ್ಟ್, ಫೋನ್ ಬಗ್ಗೆ ಜಾಗ್ರತೆ ಬೇಕು. ಸಸ್ಯಾಹಾರಿಗಳಿಗೆ ಆಯ್ಕೆ ಸೀಮಿತ. ಪಂದಿಕರಿ ಮನೆಯವರಿಗೆ ಆ ಚಿಂತೆ ಇಲ್ಲ, ಹಂದಿಮಾಂಸದ ಕಾರ್ನಿತಾಸ್ ಬೀದಿ ಬೀದಿಯಲ್ಲೂ ಸಿಗುತ್ತದೆ.

ಅಮೆರಿಕದ ವೀಸಾ ಈಗಾಗಲೇ ಇರುವವರಿಗೆ

ಮಕ್ಕಳ ಮನೆಗೆ ಹೋಗಿಬರಲು ಹತ್ತು ವರ್ಷದ ವೀಸಾ ಪಡೆದಿರುವ ತಂದೆತಾಯಿಗಳು ಕೊಡಗಿನಲ್ಲಿ ಕಡಿಮೆಯೇನಿಲ್ಲ. ಅವರ ಮನಸ್ಸಿಗೆ ಮೊದಲು ಬರುವುದು ನ್ಯೂಯಾರ್ಕ್. ಆದರೆ ಪಂದ್ಯ ನಡೆಯುವುದು ನ್ಯೂಯಾರ್ಕಿನಲ್ಲಲ್ಲ. ಹಡ್ಸನ್ ನದಿಯ ಆಚೆ, ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿರುವ ಮೆಟ್‌ಲೈಫ್ ಸ್ಟೇಡಿಯಂನಲ್ಲಿ. 80,000ಕ್ಕೂ ಹೆಚ್ಚು ಜನ ಹಿಡಿಯುವ ಆ ಸ್ಟೇಡಿಯಂಗೆ ಛಾವಣಿ ಇಲ್ಲ, ಪಂದ್ಯದ ದಿನ ಕಾರು ನಿಲ್ಲಿಸುವ ಅವಕಾಶ ತೀರಾ ಕಡಿಮೆ, ಪೆನ್ ಸ್ಟೇಷನ್ನಿನಿಂದ ಸೆಕಾಕಸ್ ಮಾರ್ಗವಾಗಿ ರೈಲೇ ಗತಿ. ಜೂನ್ 13ರಂದು ಬ್ರೆಜಿಲ್ ಮತ್ತು ಮೊರಾಕೊ, ಜುಲೈ 19ರಂದು ಫೈನಲ್. ಇವೆರಡೂ ಜೇಬಿಗೆ ಭಾರ. ಎಡಿಸನ್ ಅಥವಾ ಜೆರ್ಸಿ ಸಿಟಿಯಲ್ಲಿ ಮಕ್ಕಳ ಮನೆ ಇದ್ದು, ವಸತಿ ಖರ್ಚಿಲ್ಲದಿದ್ದರೆ ಮಾತ್ರ ಈ ಆಯ್ಕೆ ಒಪ್ಪತಕ್ಕದ್ದು.

ನ್ಯೂಯಾರ್ಕಿನ ಬದಲು ಅಟ್ಲಾಂಟಾವನ್ನು ಒಮ್ಮೆ ನೋಡಿ ಎಂಬುದು ನನ್ನ ಸಲಹೆ. ಮರ್ಸಿಡಿಸ್ ಬೆಂಜ್ ಸ್ಟೇಡಿಯಂ ನಗರದ ಮಧ್ಯದಲ್ಲಿದೆ, ಛಾವಣಿಯೂ ಹವಾನಿಯಂತ್ರಣವೂ ಇರುವುದರಿಂದ ಜಾರ್ಜಿಯಾದ ಬಿಸಿಲು ಒಳಗೆ ತಾಕುವುದಿಲ್ಲ. ವಿಮಾನ ನಿಲ್ದಾಣದಿಂದ ಮಾರ್ಟಾ ರೈಲು ನೇರವಾಗಿ ನಗರದೊಳಕ್ಕೆ ಬರುತ್ತದೆ. ಫ್ಯಾನ್ ಫೆಸ್ಟಿವಲ್‌ನ ಜಾಗ, 1996ರ ಒಲಿಂಪಿಕ್ಸ್‌ಗೆಂದು ಮಾಡಿದ ಸೆಂಟೆನಿಯಲ್ ಒಲಿಂಪಿಕ್ ಪಾರ್ಕ್, ಸ್ಟೇಡಿಯಂನಿಂದ ಕೆಲವೇ ನಿಮಿಷಗಳ ನಡಿಗೆ. ಜೂನ್ 15 ಮತ್ತು 21ರಂದು ಯುರೋಪಿನ ಚಾಂಪಿಯನ್ ಸ್ಪೇನ್ ಇಲ್ಲಿ ಆಡುತ್ತದೆ, ಜುಲೈ 15ಕ್ಕೆ ಒಂದು ಸೆಮಿಫೈನಲ್. ನಾನು ಮುಂದಿಟ್ಟ ಮಾನದಂಡಗಳಲ್ಲಿ ವೀಸಾ ಒಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಟೊರಾಂಟೊಗೆ ಸರಿಸಮನಾಗಿ ನಿಲ್ಲುವ ಊರು ಇದೊಂದೇ.

ಇನ್ನು ಅರ್ಜೆಂಟೀನಾ ಅಭಿಮಾನಿಗಳ ಮಾತು. ಗುಂಪು ಹಂತದಲ್ಲಿ ಅವರ ತಂಡ ಜೂನ್ 22ರಂದು ಆಸ್ಟ್ರಿಯದ ವಿರುದ್ಧ, ಜೂನ್ 27ರಂದು ಜೋರ್ಡಾನ್ ವಿರುದ್ಧ ಡಲ್ಲಾಸ್‌ನಲ್ಲಿ ಆಡುತ್ತದೆ. ಒಂಬತ್ತು ಪಂದ್ಯಗಳಿರುವ ಡಲ್ಲಾಸ್ ಪಂದ್ಯಗಳ ಲೆಕ್ಕದಲ್ಲಿ ಎಲ್ಲ ನಗರಗಳಿಗೂ ಮುಂದು. ಆದರೆ ಎಟಿ ಅಂಡ್ ಟಿ ಸ್ಟೇಡಿಯಂ ಇರುವುದು ಡಲ್ಲಾಸ್‌ನಲ್ಲಲ್ಲ, ಆರ್ಲಿಂಗ್ಟನ್ ಎಂಬ ಪಕ್ಕದ ಊರಿನಲ್ಲಿ, ಮತ್ತು ಆ ಊರಿನಲ್ಲಿ ನಮ್ಮ ಕಲ್ಪನೆಯ ನಗರಸಾರಿಗೆ ಬಸ್ಸು ಕೂಡ ಇಲ್ಲ. ಫ್ಯಾನ್ ಫೆಸ್ಟಿವಲ್ ಡಲ್ಲಾಸ್‌ನ ಫೇರ್ ಪಾರ್ಕ್‌ನಲ್ಲಿ. ಎರಡರ ನಡುವೆ ಮೂವತ್ತು ಕಿಲೋಮೀಟರಿಗೂ ಮೀರಿದ ಹೆದ್ದಾರಿ. ಸ್ಟೇಡಿಯಂ ಒಳಗೆ ಹವಾನಿಯಂತ್ರಣವಿದೆ, ಫೇರ್ ಪಾರ್ಕಿನ ಬಯಲಿನಲ್ಲಿ 35 ಡಿಗ್ರಿ ದಾಟುವ ಬಿಸಿಲಿದೆ. ಜೂನ್‌ನಲ್ಲಿ ಕಂಬಳಿ ಹೊದ್ದು ಮಲಗುವ ನಮ್ಮ ಹಿರಿಯರಿಗೆ ಅದು ಸಣ್ಣ ವಿಷಯವಲ್ಲ. ಪ್ಲೇನೊ, ಫ್ರಿಸ್ಕೊ, ಅರ್ವಿಂಗ್ ಕಡೆ ಕಾರು ಓಡಿಸಿಕೊಂಡು ಬರುವ ಮಗನೋ ಅಳಿಯನೋ ಇದ್ದರೆ ಡಲ್ಲಾಸ್ ಒಳ್ಳೆಯ ಆಯ್ಕೆಯೇ ಸರಿ. ಅಂಥವರಿಲ್ಲದೆ, ಮೆಸ್ಸಿಯನ್ನು ಕಣ್ಣಾರೆ ಕಾಣಬೇಕೆಂಬ ಒಂದೇ ಆಸೆಯಿಂದ ಹೋಗುವವರು ಎಲ್ಲರಿಗಿಂತ ದುಬಾರಿ ಟಿಕೆಟ್, ಎಲ್ಲರಿಗಿಂತ ದುಬಾರಿ ಟ್ಯಾಕ್ಸಿ ಎರಡಕ್ಕೂ ಸಿದ್ಧರಾಗಿರಬೇಕು. ಅಂಥ ಆಸೆ ತಪ್ಪೆಂದು ಹೇಳುವವನು ನಾನಲ್ಲ. ಬೆಲೆ ಗೊತ್ತಿದ್ದು ಹೋಗಲಿ ಎಂದಷ್ಟೇ.

ಸಾಂತಾ ಕ್ಲಾರಾ, ಸನಿವೇಲ್‌ಗಳಲ್ಲಿ ಮಕ್ಕಳಿರುವವರಿಗೆ ಲೀವೈಸ್ ಸ್ಟೇಡಿಯಂ ಮನೆಯ ಪಕ್ಕದಲ್ಲೇ ಇದ್ದಂತೆ. ಅಲ್ಲಿನ ಗುಂಪು ಪಂದ್ಯಗಳಲ್ಲಿ ದೊಡ್ಡ ಹೆಸರಿನ ತಂಡಗಳಿಲ್ಲ, ಸ್ಯಾನ್ ಫ್ರಾನ್ಸಿಸ್ಕೊ ನಗರ ಅಲ್ಲಿಂದ ಅರವತ್ತು ಕಿಲೋಮೀಟರಿಗೂ ಆಚೆ ಇದೆ. ಮೊಮ್ಮಕ್ಕಳನ್ನು ನೋಡಲು ಹೋದಾಗ ಒಂದು ಪಂದ್ಯ ನೋಡಿ ಬರುವುದಕ್ಕೆ ಅದು ಚೆನ್ನ. ವಿಶ್ವಕಪ್ ಹಬ್ಬವನ್ನೇ ಹುಡುಕಿ ಹೋಗುವವರಿಗೆ ಅಲ್ಲ.

ಸ್ಟೇಡಿಯಂ ಟಿಕೆಟ್ಟೇ ಬೇಕೇ?

ನಾಲ್ಕು ಜನರ ಕುಟುಂಬ ಎಲ್ಲರಿಗೂ ಒಂದೇ ಪಂದ್ಯದ ಟಿಕೆಟ್ ಕೊಳ್ಳಲೇಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಆಟದ ಹುಚ್ಚಿರುವ ಇಬ್ಬರಿಗೆ ಟಿಕೆಟ್, ಉಳಿದಿಬ್ಬರಿಗೆ ಫ್ಯಾನ್ ಫೆಸ್ಟಿವಲ್ ಎಂದು ಹಂಚಿಕೊಂಡರೆ ಉಳಿಯುವ ಹಣದಲ್ಲಿ ಇನ್ನೂ ಕೆಲವು ದಿನ ಇರಬಹುದು. 2006ರ ಜರ್ಮನಿ ವಿಶ್ವಕಪ್‌ನಿಂದ ಅಧಿಕೃತ ರೂಪ ಪಡೆದ ಈ ಫ್ಯಾನ್ ಬಯಲುಗಳಿಗೆ ಹಲವು ಕಡೆ ಪ್ರವೇಶ ಉಚಿತ, ಆದರೆ ಮುಂಚಿತವಾಗಿ ಹೆಸರು ನೋಂದಾಯಿಸಬೇಕಾಗಬಹುದು, ಬಯಲು ತುಂಬಿದ ಮೇಲೆ ಬಾಗಿಲು ಮುಚ್ಚುತ್ತಾರೆ, ಮತ್ತು ಎಲ್ಲ ದಿನವೂ ತೆರೆದಿರುತ್ತದೆಂದು ಭಾವಿಸಬಾರದು. ಆಯಾ ನಗರದ ದಿನಪಟ್ಟಿಯನ್ನು ನೋಡಿಯೇ ಹೊರಡಬೇಕು. ಎರಡು ಗಂಟೆ ನಿಂತು ನೋಡುವುದು ಕಷ್ಟವಾದ ಹಿರಿಯರಿಗೆ ಮಾತ್ರ ಲೆಕ್ಕ ತಲೆಕೆಳಗು: ಅವರಿಗೆ ಆಸನ ನಿಗದಿಯಾಗಿರುವ ಸ್ಟೇಡಿಯಮ್ಮೇ ಹೆಚ್ಚು ಸುಖ.

ಟಿಕೆಟ್ ಕಾಗದದಲ್ಲಿ ಬರುವುದಿಲ್ಲ, ಫೋನಿನ ಆ್ಯಪ್‌ನಲ್ಲೇ ಇರುತ್ತದೆ. ಅಲ್ಲಿ ನಡೆಯುವ ಸಿಮ್ ಮತ್ತು ಪವರ್‌ಬ್ಯಾಂಕ್ ಇಲ್ಲದೆ ಗೇಟಿನ ಬಳಿ ಹೋಗಬೇಡಿ. ಅಮೆರಿಕದ ಸ್ಟೇಡಿಯಂಗಳಲ್ಲಿ ಪಾರದರ್ಶಕ ಚೀಲ ಬಿಟ್ಟು ಬೇರೆ ದೊಡ್ಡ ಚೀಲಗಳನ್ನು ಒಳಗೆ ಬಿಡುವುದಿಲ್ಲ. ಕುಪ್ಯಚೇಲೆ ತೊಟ್ಟು ಗ್ಯಾಲರಿಯಲ್ಲಿ ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದವರು ಧಾರಾಳವಾಗಿ ತೊಡಬಹುದು, ಪೀಚೆಕತ್ತಿ ಮಾತ್ರ ಊರಿನಲ್ಲೇ ಉಳಿಯಲಿ.

ಇಷ್ಟು ಖರ್ಚು ಈ ವರ್ಷ ಆಗದು ಎನ್ನುವವರು, ಅದರಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿ ಮನೆಯವರಿರುವವರು, 2027ರ ಜನವರಿ 7ರಿಂದ ಫೆಬ್ರವರಿ 5ರವರೆಗೆ ಸೌದಿ ಅರೇಬಿಯದಲ್ಲಿ ನಡೆಯಬೇಕಿರುವ ಏಷ್ಯನ್ ಕಪ್ ಕಡೆ ನೋಡುವುದುಂಟು. ಪ್ರಯಾಣ ಹತ್ತಿರ, ಹವೆ ಹಿತ. ಭಾರತ ಅರ್ಹತೆ ಪಡೆಯಲಿಲ್ಲವೆಂಬುದು ಒಂದು ಕೊರತೆ. ಅದಕ್ಕಿಂತ ದೊಡ್ಡದು ತೋಟದವರ ಕೊರತೆ: ಅರೇಬಿಕಾ ಕೊಯ್ಲು ಮುಗಿಯುತ್ತಾ ರೋಬಸ್ಟಾ ಕೊಯ್ಲು ಶುರುವಾಗುವ, ಕೆಲಸದವರು ಸಿಗದೆ ಪರದಾಡುವ, ಕಣದಲ್ಲಿ ಕಾಫಿ ಹರಡಿರುವ ತಿಂಗಳು ಅದು. ಸಂಬಳದ ಕೆಲಸದಲ್ಲಿರುವವರಿಗೆ ಸೌದಿ ಸರಿಹೋದೀತು, ಬೆಳೆಗಾರನಿಗೆ ಮಳೆಗಾಲದ ವಿಶ್ವಕಪ್ಪೇ ಅನುಕೂಲ.

ಯಾವ ಊರನ್ನೇ ಆರಿಸಿಕೊಳ್ಳಿ, ಹೊರಡುವ ದಾರಿಯನ್ನು ಮಳೆಯ ಲೆಕ್ಕದಲ್ಲೇ ಯೋಜಿಸಬೇಕು. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ, ಮಡಿಕೇರಿಯವರಿಗೆ ಸಂಪಾಜೆ ಇಳಿದರೆ ಮಂಗಳೂರು ಹತ್ತಿರವೇನೋ ಹೌದು. ಆದರೆ ಜೂನ್, ಜುಲೈ ತಿಂಗಳಲ್ಲಿ ಎರಡೂ ಘಾಟಿಗಳಲ್ಲಿ ಗುಡ್ಡ ಜರಿಯುವ ಭಯವಿದೆ. ಮೇಲಾಗಿ ಕಣ್ಣೂರು, ಮಂಗಳೂರುಗಳಿಂದ ಕೊಲ್ಲಿಯವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಎಂದು ಬೇರೆ ಬೇರೆಯಾಗಿ ಕೊಂಡರೆ, ಮೊದಲನೆಯದು ತಡವಾದಾಗ ಎರಡನೆಯದರ ಹಣ ಹೋದಂತೆಯೇ. ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಮಾಡಿಸಿ, ಕುಶಾಲನಗರ, ಹುಣಸೂರು, ಮೈಸೂರು ಮಾರ್ಗವಾಗಿ ಒಂದು ದಿನ ಮುಂಚೆಯೇ ಬೆಂಗಳೂರು ಸೇರಿ ರಾತ್ರಿ ಅಲ್ಲೇ ತಂಗುವುದು ಒಳ್ಳೆಯದು.